ಕೊಳಲಿಗೆ ಕಾಫಿ ಡಿಕಾಕ್ಷನ್

ಮೊದಲ ಸಲ ಕೊಳಲಿಗೆ ಫ್ರೆಂಚ್ ಪಾಲಿಶ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಹಚ್ಚಿದ್ದು ಜುಲೈನಲ್ಲಿ. ಮಡಿಕೇರಿಯ ಜುಲೈ ಗೊತ್ತಲ್ವಾ? ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಸ್ವಲ್ಪ ಹೊತ್ತಿಗೇ ಕೊಳಲಿನ ಮೈಮೇಲೆ ಹಾಲು ಬಳಿದ ಹಾಗೆ ಬಿಳಿ ಮಂಕು ಬಂತು. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವವೆಲ್ಲ ಪಾಲಿಶಿಗೆ ಇಳಿದಿತ್ತು. ಎಲ್ಲವನ್ನೂ ಉಜ್ಜಿ ತೆಗೆದೆ.

ಅದಕ್ಕೂ ಮುಂಚೆ ಪೇಂಟ್ ಬಳಿದು ಕೆಡಿಸಿದ್ದೆ. ಬಿದಿರಿನ ಹೊರಸಿಪ್ಪೆಗೆ ಮೇಣದ ಜಿಡ್ಡು ಇರುತ್ತದೆ, ಬಣ್ಣ ಕೂರುವುದೇ ಇಲ್ಲ. ಉಗುರು ತಾಗಿದರೆ ಹಪ್ಪಳದಂತೆ ಎದ್ದು ಬರುತ್ತದೆ. ಹಾಗಾಗಿ ಈಗ ಒಡೆದ ಗಾಜಿನ ಚೂರಿನಿಂದ ಸಿಪ್ಪೆಯನ್ನು ಉದ್ದುದ್ದಕ್ಕೆ ಹೆರೆಯುತ್ತೇನೆ. ಆಮೇಲೆ 220, 400 ನಂಬರಿನ ಸ್ಯಾಂಡ್‌ಪೇಪರ್.

ಬಣ್ಣಕ್ಕೆ ಗಟ್ಟಿ ಕಾಫಿ ಡಿಕಾಕ್ಷನ್. ತೋಟದ ರೋಬಸ್ಟಾ ಪುಡಿಯೇ ಸಾಕು, ಅರೇಬಿಕಾ ಸುಮ್ನೆ ದಂಡ. ಬಟ್ಟೆ ಚೂರಿನಲ್ಲಿ ಅದ್ದಿ ಒರೆಸಿದರೆ ಮೊದಲ ಕೈಗೆ ಬರೀ ಕೊಳೆ ನೀರಿನ ಬಣ್ಣ. ನಿರಾಶೆ ಬೇಡ. ಒಣಗಿದ ಮೇಲೆ ಸವರಿದರೆ ನಾರು ಎದ್ದು ಬೆರಳಿಗೆ ಚುರುಚುರು ಅನ್ನುತ್ತದೆ. ಅದನ್ನು 400ರಲ್ಲಿ ಹಗುರವಾಗಿ ಉಜ್ಜಿ ಮತ್ತೆ ಒರೆಸಬೇಕು. ನಾಲ್ಕನೇ ಕೈಗೆ ಜೇನಿನ ಬಣ್ಣ ಬರುತ್ತದೆ. ಕೊಯ್ದ ತುದಿ ಮಾತ್ರ ಜಾಸ್ತಿ ಕುಡಿದು ಕಪ್ಪಾಗುತ್ತದೆ, ಅಲ್ಲಿ ಬಟ್ಟೆ ಹಿಂಡಿ ಒರೆಸಿ. ಒಮ್ಮೆ ಡಿಕಾಕ್ಷನ್ನನ್ನು ತುಕ್ಕು ಹಿಡಿದ ಕಬ್ಬಿಣದ ಬಾಣಲೆಯಲ್ಲಿ ಕುದಿಸಿಬಿಟ್ಟೆ. ಕಾಫಿಯ ಒಗರು ಕಬ್ಬಿಣಕ್ಕೆ ಸೇರಿ ಬಣ್ಣ ಕರ್ರಗಾಯಿತು. ಆ ಕೊಳಲೇ ಎಲ್ಲರಿಗೂ ಇಷ್ಟವಾಯಿತು, ಏನ್ ಮಾಡೋದು!

ಮೇಲೆ ಅಗಸೆ ಎಣ್ಣೆಗೆ ಜೇನುಮೇಣ ಕರಗಿಸಿ ತೆಳ್ಳಗೆ ತಿಕ್ಕುತ್ತೇನೆ, ನಾಲ್ಕು ಪಾಲಿಗೆ ಒಂದು ಪಾಲು. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಮಳೆಗಾಲದಲ್ಲಿ ಕಮಟು ವಾಸನೆ ಬೇರೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ. ಊದುವ ತೂತಿನ ಅಂಚಿಗೆ ಮೇಣ ತಾಗಿಸುವುದೇ ಇಲ್ಲ. ಅಂಚು ಮೊಂಡಾದರೆ ಸ್ವರಕ್ಕಿಂತ ಉಸಿರೇ ಜಾಸ್ತಿ ಕೇಳುತ್ತದೆ.

ಇನ್ನು ದಾರ. ಮಳೆಗಾಲದಲ್ಲಿ ಮುಗಿಸಿದ ಒಂದು ಕೊಳಲನ್ನು ತಂಗಿಯ ಮಗ ಬೆಂಗಳೂರಿಗೆ ಒಯ್ದಿದ್ದ. ಮಾರ್ಚ್‌ನಲ್ಲಿ ಫೋನ್ ಬಂತು: "ಮಾವ, ಉದ್ದಕ್ಕೆ ಸೀಳಿದೆ." ಇಲ್ಲಿಯ ತೇವ ಕುಡಿದ ಬಿದಿರು ಅಲ್ಲಿಯ ಒಣಹವೆಗೆ ಕುಗ್ಗಿತ್ತು. ಅವತ್ತಿನಿಂದ ಬಿದಿರನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷ ಇಟ್ಟು, ಹೊಗೆ ಕುಡಿಸಿಯೇ ಕೆಳಗಿಳಿಸುತ್ತೇನೆ. ಎರಡೂ ತುದಿಗೆ ನೈಲಾನ್ ದಾರ ಬಿಗಿಯಾಗಿ ಸುತ್ತುತ್ತೇನೆ. ಹೊಗೆ ಹಿಡಿದ ಬಿದಿರಿಗೆ ಡಿಕಾಕ್ಷನ್ ಎರಡೇ ಕೈ ಸಾಕಾಗುತ್ತದೆ.