ನೆಲ ಕಾಣದ ಕೋಳಿಗಳು ನಮ್ಮ ಹಿತ್ತಲಿಗೆ ಬಂದಾಗ

ಮೈಸೂರಿನ ನಮ್ಮ ಮನೆಯ ಹಿತ್ತಲು ದೊಡ್ಡದೇನಲ್ಲ. ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಮಿಕ್ಕಿದ್ದು ಒಂದಿಷ್ಟು ಮಣ್ಣು. ಮರಿ ತಂದು, ಸಾಕಿ, ಮೊಟ್ಟೆಗೆ ಐದು ತಿಂಗಳು ಕಾಯುವ ತಾಳ್ಮೆ ನನಗಿರಲಿಲ್ಲ. ಅದಕ್ಕೇ ಹೋದ ವರ್ಷ ಮೇ ತಿಂಗಳಲ್ಲಿ ಊರಾಚೆಯ ಲೇಯರ್ ಫಾರಂ, ಅಂದರೆ ಮೊಟ್ಟೆಗೆಂದೇ ಕೋಳಿ ಸಾಕುವ ಫಾರಂ ಒಂದರಿಂದ ನಾಲ್ಕು ಕೋಳಿ ತಂದೆ. ವಯಸ್ಸು 72 ವಾರ ದಾಟಿದವನ್ನು ಅವರು ಮಾಂಸಕ್ಕೆ ಮಾರಿಬಿಡುತ್ತಾರೆ. ಮೊಟ್ಟೆ ನಿಂತಿರುವುದಿಲ್ಲ, ಮೇವಿನ ಖರ್ಚಿಗೆ ಗಿಟ್ಟುವುದಿಲ್ಲ ಅಷ್ಟೆ. ನನಗೆ ದಿನಕ್ಕೆ ಎರಡು ಸಿಕ್ಕರೂ ಸಾಕಿತ್ತು.

ಪೆಟ್ಟಿಗೆ ತೆರೆದಾಗ ನಾಲ್ಕೂ ನಿಂತಲ್ಲೇ ನಿಂತವು. ಒಂದು ಕೋಳಿ ಮಣ್ಣಿನ ಮೇಲೆ ಕಾಲಿಟ್ಟು, ಕೆಂಡ ತುಳಿದ ಹಾಗೆ ಮತ್ತೆ ಎತ್ತಿಕೊಂಡಿತು. ಅವು ಮೊಟ್ಟೆಯಿಟ್ಟ ದಿನಗಳನ್ನೆಲ್ಲ ತಂತಿಯ ಪಂಜರದಲ್ಲೇ ಕಳೆದಿದ್ದವು. ಉಗುರು ಉದ್ದವಾಗಿ ಬೆಳೆದು ಸೊಟ್ಟಗಾಗಿತ್ತು, ಜುಟ್ಟು ಬಿಳಿಚಿಕೊಂಡು ಜೋತುಬಿದ್ದಿತ್ತು, ಕತ್ತಿನಲ್ಲಿ ಪುಕ್ಕವೇ ಇರಲಿಲ್ಲ. ಕೆ.ಆರ್. ಪೇಟೆ ಕಡೆಯವರಾದ ನಮ್ಮತ್ತೆ ಬಾಗಿಲಲ್ಲೇ ನಿಂತು ನೋಡಿ, "ದುಡ್ಡು ಕೊಟ್ಟು ತಂದ್ಯೇನಮ್ಮ ಇವನ್ನ?" ಅಂದರು.

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಪಕ್ಕದಲ್ಲೇ ಬೋಗುಣಿ ತುಂಬ ನೀರು. ಯಾಕೆ ಕುಡಿಯುತ್ತಿಲ್ಲ ಅಂತ ಹೊಳೆಯಲು ನನಗೆ ಒಂದು ಗಂಟೆ ಬೇಕಾಯಿತು. ಫಾರಂನಲ್ಲಿ ಅವು ಪೈಪಿಗೆ ಜೋಡಿಸಿದ ನಿಪ್ಪಲ್ ಕುಕ್ಕಿ ನೀರು ಕುಡಿದಿದ್ದವು, ಬೋಗುಣಿಯಲ್ಲಿ ಇರೋದೂ ನೀರೇ ಅಂತ ಅವಕ್ಕೆ ಗೊತ್ತಿಲ್ಲ! ಒಂದೊಂದನ್ನೇ ಹಿಡಿದು ಕೊಕ್ಕಿನ ತುದಿ ಅದ್ದಿದೆ. ಮೂರು ಕಲಿತ ಮೇಲೆ ನಾಲ್ಕನೆಯದು ನೋಡಿ ಕಲಿತುಕೊಂಡಿತು. ಅತ್ತೆ ಎರಚಿದ ರಾಗಿಯ ಕತೆಯೂ ಹೀಗೇ ಆಯಿತು. ಫಾರಂನಲ್ಲಿ ಕೊಕ್ಕಿನ ತುದಿ ಕತ್ತರಿಸಿದ್ದರಿಂದ ನೆಲದ ಸಣ್ಣ ಕಾಳು ಹಿಡಿತಕ್ಕೇ ಬರುತ್ತಿರಲಿಲ್ಲ. ಆಳವಾದ ತಟ್ಟೆಯಲ್ಲಿ ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಯ ಪುಡಿ ಮೇವು) ಹಾಕಿದೆ, ತಲೆಗೆ ದಿನಕ್ಕೆ 110ರಿಂದ 120 ಗ್ರಾಂ. ಅದನ್ನು ಮುಕ್ಕಿದವು.

ಬಂದ ದಿನವೇ ಹಿತ್ತಲಿಗೆ ಬಿಟ್ಟಿದ್ದು ಮಾತ್ರ ನನ್ನದೇ ತಪ್ಪು. ಕೋಳಿ ಸಂಜೆಗೆ ತಾನೇ ಗೂಡು ಸೇರುತ್ತೆ ಅನ್ನೋದು ಗೂಡು ಯಾವುದು ಅಂತ ಗೊತ್ತಿರುವ ಕೋಳಿಯ ಮಾತು. ಇವು ಕತ್ತಲಾದಾಗ ಎಲ್ಲಿದ್ದವೋ ಅಲ್ಲೇ ಕುಕ್ಕರಿಸಿದವು. ಮೂರು ಸಿಕ್ಕವು, ನಾಲ್ಕನೆಯದು ಇಲ್ಲ. ಅಷ್ಟರಲ್ಲಿ ಮಳೆ ಬೇರೆ ಹಿಡಿಯಿತು. ಟಾರ್ಚ್ ಹಿಡಿದು ಹುಡುಕಿ ಹುಡುಕಿ, ಕೊನೆಗೆ ಒಗೆಯುವ ಕಲ್ಲಿನ ಸಂದಿಯಲ್ಲಿ ನೆನೆದು ಮುದ್ದೆಯಾಗಿ ಕೂತಿದ್ದದ್ದು ಕಂಡಿತು. ಪಕ್ಕದ ಕಾಂಪೌಂಡಿನ ಮೇಲೆ ಬೆಕ್ಕು ಆಗಲೇ ಹಾಜರಾಗಿತ್ತು.

ಮಾರನೆಯ ದಿನದಿಂದ ಒಂದು ವಾರ ಗೂಡಿನ ಬಾಗಿಲು ತೆಗೆಯಲಿಲ್ಲ. ಗೂಡು ಅಂದರೆ ಹಳೇ ದಿವಾನಕ್ಕೆ ತಂತಿಬಲೆ ಹೊಡೆದು ಕೆಳಗೆ ಭತ್ತದ ಹೊಟ್ಟು ಹಾಸಿದ್ದು. ಕೂರಲು ಮೂರಡಿ ಎತ್ತರಕ್ಕೆ ಕೋಲು ಕಟ್ಟಿದ್ದೆ. ಅಷ್ಟು ಎತ್ತರ ಹಾರುವ ಶಕ್ತಿ ಅವುಗಳ ಕಾಲಿಗಿರಲಿಲ್ಲ, ಒಂದಡಿಗೆ ಇಳಿಸಿದೆ. ಎಂಟನೆಯ ದಿನ ಹೊರಗೆ ಬಿಟ್ಟೆ, ಅದೂ ಸಂಜೆ ಐದೂವರೆಗೆ. ಸ್ವಲ್ಪ ಹೊತ್ತು ಅಡ್ಡಾಡಿ ಕತ್ತಲಾಗುವಷ್ಟರಲ್ಲಿ ಎರಡು ತಾವಾಗಿಯೇ ಒಳಗೆ ಹೋದವು. ಇನ್ನೆರಡನ್ನು ಮತ್ತೂ ನಾಲ್ಕು ಸಂಜೆ ಎತ್ತಿ ಒಳಗಿಡಬೇಕಾಯಿತು.

ಈ ಮಧ್ಯೆ ಮೊಟ್ಟೆ ಸುದ್ದಿಯೇ ಇಲ್ಲ. ಜಾಗ ಬದಲಾದ ಕೋಳಿ ಮೊಟ್ಟೆ ನಿಲ್ಲಿಸುವುದು ಸಹಜ. ಜೊತೆಗೆ ಬೆಳಕು ಕಮ್ಮಿಯಾದರೆ ಮೊಟ್ಟೆಯೂ ಕಮ್ಮಿ. ಫಾರಂನಲ್ಲಿ ಹಗಲಿನ ಜೊತೆ ದೀಪವೂ ಸೇರಿ ದಿನಕ್ಕೆ ಹದಿನಾರು ಗಂಟೆ ಬೆಳಕಿರುತ್ತಿತ್ತು, ಇಲ್ಲಿ ಸೂರ್ಯನ ಬೆಳಕೊಂದೇ. ಒಂದಂತೂ ಪುಕ್ಕವನ್ನೆಲ್ಲ ಉದುರಿಸಿಕೊಂಡು ಮುಳ್ಳುಹಂದಿಯ ಹಾಗಾಯಿತು. ರೋಗ ಬಂತೆಂದು ಹೆದರಿ ಪಶುವೈದ್ಯರಿಗೆ ತೋರಿಸಿದೆ. ಪುಕ್ಕ ಬದಲಾಯಿಸುತ್ತಿದೆ, ಹೊಸದು ಬರುವ ತನಕ ಮೊಟ್ಟೆ ಕೇಳಬೇಡಿ ಅಂದರು.

ಹನ್ನೊಂದನೆಯ ದಿನ ಮೊದಲ ಮೊಟ್ಟೆ. ಚಿಪ್ಪಿಲ್ಲದ ತೊಗಲು ಮೊಟ್ಟೆ, ಅದೂ ಹೊಟ್ಟಿನ ಮೂಲೆಯಲ್ಲಿ. ಮೇವಿನಂಗಡಿಯಿಂದ ಕಪ್ಪೆಚಿಪ್ಪಿನ ನುಚ್ಚು ತಂದು ಬೇರೆ ಬಟ್ಟಲಲ್ಲಿಟ್ಟೆ, ಎರಡು ವಾರದಲ್ಲಿ ಚಿಪ್ಪು ಗಟ್ಟಿಯಾಯಿತು. ನಾನು ಮಾಡಿಟ್ಟ ಮೊಟ್ಟೆ ಪೆಟ್ಟಿಗೆಯ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ಪಂಜರದಲ್ಲಿ ಮೊಟ್ಟೆ ತಾನೇ ಉರುಳಿ ಹೋಗುತ್ತಿತ್ತಲ್ಲ, ಅವಕ್ಕೆ ಜಾಗ ಹುಡುಕುವ ಕೆಲಸವೇ ಇರಲಿಲ್ಲ. "ಒಂದ್ ಮೊಟ್ಟೆ ಅಲ್ಲೇ ಬಿಡಮ್ಮ, ಊರಲ್ಲಿ ಹಂಗೇ ಮಾಡೋದು," ಅಂದರು ಅತ್ತೆ. ನಿಜವಾದ ಮೊಟ್ಟೆ ಬಿಟ್ಟರೆ ಕುಕ್ಕಿ ತಿನ್ನುವ ಚಟ ಹತ್ತೀತೆಂದು ನಾನು ಪಿಂಗ್‌ಪಾಂಗ್ ಚೆಂಡು ಇಟ್ಟೆ. ಅದನ್ನು ಒದ್ದು ಹೊರಗೆ ಹಾಕಿದವು. ಆಮೇಲೆ ಅದೇ ಗಾತ್ರದ ನುಣುಪು ಹೊಳೆಕಲ್ಲು ಇಟ್ಟೆ. ಮೂರು ದಿನಕ್ಕೆ ಕಲ್ಲಿನ ಪಕ್ಕ ಎರಡು ಮೊಟ್ಟೆ.

ಕೆದಕುವುದನ್ನು ಯಾರೂ ಕಲಿಸಲಿಲ್ಲ. ಒಂದು ಬೆಳಿಗ್ಗೆ ನುಗ್ಗೆ ಬುಡದಲ್ಲಿ ಮಣ್ಣು ಚಿಮ್ಮುತ್ತಿತ್ತು, ಅಷ್ಟೆ. ನಾನು ಹಾಕಿದ್ದ ಕೊತ್ತಂಬರಿ ಅವತ್ತೇ ಮುಗಿಯಿತು.

ಈಗ ದಿನಕ್ಕೆ ಎರಡು, ಕೆಲವು ದಿನ ಮೂರು ಮೊಟ್ಟೆ. ಆ ಪುಕ್ಕ ಉದುರಿಸಿಕೊಂಡವಳಿಗೆ ಈಗ ಮೈತುಂಬ ಕಂದು ಪುಕ್ಕ ಬಂದಿದೆ. ರಾತ್ರಿ ಮಾತ್ರ ಕೋಲು ಹತ್ತುವುದಿಲ್ಲ, ಮೊಟ್ಟೆ ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕಿ ಗಲೀಜು ಮಾಡುತ್ತಾಳೆ. ಏಳು ಗಂಟೆಗೆ ಹೋಗಿ ಎತ್ತಿ ಕೋಲಿನ ಮೇಲೆ ಕೂರಿಸಿ ಬರುತ್ತೇನೆ. ಬೆಳಿಗ್ಗೆ ನೋಡಿದರೆ ಮತ್ತೆ ಪೆಟ್ಟಿಗೆಯಲ್ಲಿರುತ್ತಾಳೆ.