ಲೇಖಕರ ಸಂದರ್ಶನಕ್ಕೆ ಪ್ರಶ್ನೆ ಆರಿಸುವಾಗ

ಅರ್ಧ ಗಂಟೆಯ ಮಾತುಕತೆಗೆ ಏಳು ಪ್ರಶ್ನೆ ಸಾಕು, ಎರಡು ಹೆಚ್ಚಿಗೆ ಇಟ್ಟುಕೊಂಡಿರಿ. ಪುಸ್ತಕ ಪೂರ್ತಿ ಓದಿ, ಓದುವಾಗಲೇ ಪುಟಸಂಖ್ಯೆ ಗುರುತು ಹಾಕಿಕೊಳ್ಳಿ. ಆಮೇಲೆ ಅವರ ಹಳೆಯ ನಾಲ್ಕೈದು ಸಂದರ್ಶನ ನೋಡಿ, ಅಲ್ಲಿ ಉತ್ತರ ಸಿಕ್ಕ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿ.

"ನಿಮಗೆ ಸ್ಫೂರ್ತಿ ಯಾರು?" ಅಂದರೆ ಬಾಯಿಪಾಠದ ಉತ್ತರವೇ ಬರುತ್ತದೆ. "ಮೂರನೇ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಅಜ್ಜಿ ಕಥೆ ಹೇಳತೊಡಗುತ್ತಾಳಲ್ಲ ಮೇಡಂ, ಮೊದಲ ಕರಡಿನಲ್ಲೂ ಅವಳೇ ಹೇಳುತ್ತಿದ್ದಳಾ?" ಎಂದು ಕೇಳಿ. ಬರವಣಿಗೆಯ ಮೇಜಿನ ಮೇಲೆ ನಡೆದದ್ದು ಹೊರಬರುತ್ತದೆ.

1958ರಲ್ಲಿ ಪ್ಯಾರಿಸ್ ರಿವ್ಯೂ ಎಂಬ ಸಾಹಿತ್ಯ ಪತ್ರಿಕೆಯ ಸಂದರ್ಶನದಲ್ಲಿ ಅದರ ಸಂಪಾದಕ ಜಾರ್ಜ್ ಪ್ಲಿಂಪ್ಟನ್, ಎಷ್ಟು ತಿದ್ದಿ ಬರೆಯುತ್ತೀರಿ ಎಂದು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇಯನ್ನು ಕೇಳಿದರು. ಒಂದು ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಎಂಬ ಉತ್ತರ ಬಂತು. ಪ್ಲಿಂಪ್ಟನ್ ಮುಂದಿನ ಪ್ರಶ್ನೆಗೆ ಹಾರದೆ, ತೊಡಕಾದದ್ದು ಏನು ಎಂದು ಅಲ್ಲೇ ಹಿಡಿದು ಕೇಳಿದರು. ಇಂಥ ಮರುಪ್ರಶ್ನೆಗೆ ಜಾಗ ಬಿಡುವುದು ಪಟ್ಟಿಗಿಂತ ಮುಖ್ಯ.

ಒಂದೇ ಉಸಿರಿಗೆ ಎರಡು ಪ್ರಶ್ನೆ ಬೇಡ, ಸುಲಭದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ. ಮುಂಚಿತವಾಗಿ ವಿಷಯಗಳನ್ನಷ್ಟೇ ಕಳಿಸಿ. ಪ್ರಶ್ನೆಗಳನ್ನೇ ಕೊಟ್ಟರೆ ಕೆಲವರು ಉತ್ತರ ಬರೆದು ತಂದು ಓದಿಬಿಡುತ್ತಾರೆ. ಕುಟುಂಬ, ವಿವಾದದ ಪ್ರಶ್ನೆಯಿದ್ದರೆ ಮಾತು ಹದಕ್ಕೆ ಬಂದ ಮೇಲೆ, ಇಪ್ಪತ್ತನೇ ನಿಮಿಷದ ಹೊತ್ತಿಗೆ ಕೇಳಿ.