ಭರ್ತಿ ಮಾಡಿದ ಪಿಡಿಎಫ್ ಅರ್ಜಿಗಳಿಂದ ವಿವರ ಹೊರತೆಗೆಯುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಗ್ರಂಥಾಲಯವೊಂದು ಸದಸ್ಯತ್ವದ ಅರ್ಜಿಯನ್ನು ಪಿಡಿಎಫ್ ರೂಪದಲ್ಲಿ ಹಂಚಿದರೆ, ಹೆಸರು ಒಬ್ಬರದು ಕನ್ನಡದಲ್ಲಿ, ಇನ್ನೊಬ್ಬರದು ಮಲಯಾಳದಲ್ಲಿ ಬರುವುದು ಸಹಜ. ಇವನ್ನು ಒಂದೊಂದಾಗಿ ತೆರೆದು ನಕಲು ಮಾಡಬೇಕಾಗಿಲ್ಲ. ಪಿಡಿಎಫ್‌ಟಿಕೆ ಎಂಬ ಉಚಿತ ಕಮಾಂಡ್‌ಲೈನ್ ಉಪಕರಣ ಸಾಕು. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಇದನ್ನು 'ಪಿಡಿಎಫ್‌ಟಿಕೆ-ಜಾವಾ' ಎಂಬ ಪ್ಯಾಕೇಜಿನಿಂದ ಅಳವಡಿಸಿಕೊಳ್ಳಬಹುದು.

ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ), ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಈ ಕ್ರಮದಲ್ಲಿ ಟೈಪ್ ಮಾಡಿ: ಪಿಡಿಎಫ್‌ಟಿಕೆ (pdftk), ಅರ್ಜಿಯ ಕಡತದ ಹೆಸರು, 'ಡಂಪ್_ಡೇಟಾ_ಫೀಲ್ಡ್ಸ್_ಯುಟಿಎಫ್8' (dump_data_fields_utf8), 'ಔಟ್‌ಪುಟ್' (output), ಕೊನೆಗೆ ಹೊಸ ಪಠ್ಯ ಕಡತದ ಹೆಸರು. ನಡುನಡುವೆ ಒಂದೊಂದು ಖಾಲಿ ಜಾಗ ಬಿಡಬೇಕು.

ಆದೇಶದಲ್ಲಿ 'ಡಂಪ್' ಎಂದು ಶುರುವಾಗುವ ಪದದ ಕೊನೆಯ 'ಯುಟಿಎಫ್8' ಎಂಬ ಭಾಗವನ್ನು ನಮ್ಮವರು ಎಂದೂ ಬಿಡಬಾರದು. ಅದಿಲ್ಲದಿದ್ದರೆ 'ಕ' ಎಂಬ ಅಕ್ಷರ ಇರಬೇಕಾದಲ್ಲಿ ಕ ಎಂಬ ಸಂಕೇತ ಬರುತ್ತದೆ; ಮಲಯಾಳದ ಹೆಸರುಗಳಿಗೂ ಇದೇ ಗತಿ, ಇಂಗ್ಲಿಷ್ ಹೆಸರುಗಳು ಮಾತ್ರ ಸರಿಯಾಗಿರುತ್ತವೆ.

ಹೊಸ ಕಡತದಲ್ಲಿ ಪ್ರತಿಯೊಂದು ಅಂಕಣದ (ಅರ್ಜಿಯಲ್ಲಿ ಭರ್ತಿ ಮಾಡುವ ಜಾಗದ) ವಿವರವೂ ಮೂರು ಅಡ್ಡಗೆರೆಗಳಿಂದ (---) ಆರಂಭವಾಗುತ್ತದೆ; ಅದರ ಕೆಳಗೆ 'ಫೀಲ್ಡ್‌ಟೈಪ್', 'ಫೀಲ್ಡ್‌ನೇಮ್', 'ಫೀಲ್ಡ್‌ವ್ಯಾಲ್ಯೂ' ಮುಂತಾದ ಸಾಲುಗಳಿರುತ್ತವೆ. ಅರ್ಜಿದಾರರು ಖಾಲಿ ಬಿಟ್ಟ ಅಂಕಣಕ್ಕೆ ಮೌಲ್ಯದ ಸಾಲೇ ಇಲ್ಲದಿರಬಹುದು. ಆದ್ದರಿಂದ ಸಾಲಿನ ಸಂಖ್ಯೆಯನ್ನು ನಂಬದೆ, ಒಂದು '---' ಸಾಲಿನಿಂದ ಇನ್ನೊಂದರವರೆಗಿನ ಭಾಗವನ್ನು ಒಂದು ಘಟಕವೆಂದು ಪರಿಗಣಿಸಿ, ಹೆಸರಿಗೆ ಮೌಲ್ಯವನ್ನು ಜೋಡಿಸುವುದೇ ಸರಿಯಾದ ದಾರಿ. ಗುರುತು ಹಾಕದ ಚೌಕಕ್ಕೆ ಸಾಮಾನ್ಯವಾಗಿ 'ಆಫ್' ಎಂಬ ಮೌಲ್ಯ ಕಾಣುತ್ತದೆ.

ಮುದ್ರಿಸಿ, ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ ಕಳುಹಿಸಿದ ಅರ್ಜಿಯಿಂದ ಏನೂ ಬರುವುದಿಲ್ಲ. ಅದರಲ್ಲಿರುವುದು ಚಿತ್ರವೇ ಹೊರತು ಅಂಕಣಗಳಲ್ಲ. ಅಂಥವನ್ನು ಮೊದಲೇ ಬೇರ್ಪಡಿಸಿ, ನೋಡಿ ಟೈಪ್ ಮಾಡಿಕೊಳ್ಳಿ.